‘ಮೊದಲು ಕಟ್ಟಿ, ಆಮೇಲೆ ಬರುತ್ತೆ’

ಕಾಲೇಜಿನ ಕೌಂಟರಿನಲ್ಲಿ, ವಿಶ್ವವಿದ್ಯಾನಿಲಯದ ಕಿಟಕಿಯಲ್ಲಿ, ಪ್ರತಿವರ್ಷ ಅಡ್ಮಿಷನ್ ಕಾಲಕ್ಕೆ ನಮ್ಮ ಹುಡುಗ ಹುಡುಗಿಯರ ಕಿವಿಗೆ ಬೀಳುವ ಮಾತೊಂದಿದೆ. ‘ಮೊದಲು ಕಟ್ಟಿ, ಆಮೇಲೆ ಬರುತ್ತೆ.’ ಹೇಳುವವರು ಬೈದು ಹೇಳುವುದಿಲ್ಲ. ಎಷ್ಟೋ ಸಲ ನಗುನಗುತ್ತಲೇ ಹೇಳುತ್ತಾರೆ. ನಿಮಗೇನ್ರಪ್ಪ, ಸರ್ಕಾರ ವಾಪಸ್ ಕೊಡುತ್ತೆ, ಈಗ ಕಟ್ಟಿಬಿಡಿ ಅಂತಾರೆ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಬೇಗ ಅಂತ ತಳ್ಳುತ್ತಾರೆ. ನಮ್ಮವನು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಸಾಲಿನಿಂದ ಹೊರಗೆ ಬರುತ್ತಾನೆ. ಅಷ್ಟೆ. ಗಲಾಟೆ ಇಲ್ಲ, ಕೇಸಿಲ್ಲ, ಪೇಪರಿನಲ್ಲಿ ಸುದ್ದಿ ಇಲ್ಲ. ಒಬ್ಬ ಓದು ಬಿಟ್ಟ.

ಈ ಮಾತಿನ ಅರ್ಥವೇನು ಅಂತ ಒಂದು ಸಲ ಕೂತು ಯೋಚಿಸೋಣ. ಇದ್ದವನಿಗೆ ಇದು ಬರೀ ತಾರೀಖಿನ ವಿಷಯ. ಇವತ್ತು ಕೊಟ್ಟ, ನಾಳೆ ಬಂತು, ಮುಗಿಯಿತು. ಇಲ್ಲದವನಿಗೆ ಇದು ಓದುವ, ಬಿಡುವ ವಿಷಯ. ಕೈಯಲ್ಲಿಲ್ಲದ ದುಡ್ಡನ್ನು ಮೊದಲು ಕಟ್ಟು ಅನ್ನುವುದೂ ಒಂದೇ, ನೀನು ಬರಬೇಡ ಅನ್ನುವುದೂ ಒಂದೇ. ನಮ್ಮ ತಾತಂದಿರನ್ನು ಶಾಲೆಯ ಜಗುಲಿಯಾಚೆ ನಿಲ್ಲಿಸುತ್ತಿದ್ದರು. ಜಾತಿ ಹೇಳಿಯೇ ನಿಲ್ಲಿಸುತ್ತಿದ್ದರು. ಈಗ ಹಾಗೆ ಹೇಳಿದರೆ ಕೇಸಾಗುತ್ತೆ. ಆದ್ದರಿಂದ ಬಾಗಿಲು ತೆಗೆದೇ ಇಟ್ಟಿದ್ದಾರೆ, ಹೊಸ್ತಿಲ ಮೇಲೆ ರಸೀದಿ ಪುಸ್ತಕ ಇಟ್ಟುಕೊಂಡು ಕೂತಿದ್ದಾರೆ. ದಾಟಬೇಕಾದರೆ ಚಲನ್ ತೋರಿಸಬೇಕು.

ಶುಲ್ಕ ಎಷ್ಟು ಅನ್ನುವುದು ದೊಡ್ಡ ಪ್ರಶ್ನೆಯೇ. ಆದರೆ ಶುಲ್ಕವನ್ನು ಯಾವತ್ತು ಕಟ್ಟಬೇಕು, ಯಾರು ಕಟ್ಟಬೇಕು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಇದನ್ನು ಯಾರೂ ನಮಗಾಗಿ ಕೇಳುವುದಿಲ್ಲ. ನಾವೇ ಕೇಳಬೇಕು.

ಹ್ಯಾಂಡ್‌ಪೋಸ್ಟಿನ ಸುತ್ತಮುತ್ತಲ ಲೆಕ್ಕವನ್ನೇ ತೆಗೆದುಕೊಳ್ಳಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಕಡೆಯ ಕೇರಿಗಳಲ್ಲಿ, ಹಾಡಿಗಳಲ್ಲಿ ದುಡ್ಡು ಕಣ್ಣಿಗೆ ಬೀಳುವುದಕ್ಕೆ ಒಂದು ಕಾಲ ಅಂತ ಇದೆ. ಹೊಗೆಸೊಪ್ಪು ಮುರಿದು, ಬ್ಯಾರನ್ನಿನಲ್ಲಿ ಹದ ಮಾಡಿ, ಬೇಲು ಕಟ್ಟಿ ಹರಾಜು ಮಾರುಕಟ್ಟೆಗೆ ಹೋಗುವುದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ. ರಾಗಿ ಕುಯ್ಲು ಅದರ ಮೇಲೆ. ಕಾಫಿ ಹಣ್ಣು ಕುಯ್ಯಲು ಕೊಡಗಿನ ಜೀಪು ಹತ್ತುವುದು ಡಿಸೆಂಬರ್, ಜನವರಿಗೆ. ಕಾಲೇಜಿನ ನೋಟಿಸು ಬೋರ್ಡಿಗೆ ಶುಲ್ಕದ ಪಟ್ಟಿ ಅಂಟಿಸುವುದು ಮಾತ್ರ ಜೂನ್, ಜುಲೈ, ಆಗಸ್ಟಿನಲ್ಲಿ. ಅದು ಮಡಕೆಯಲ್ಲಿ ರಾಗಿ ತಳ ಕಾಣುವ ಕಾಲ. ದಂಡವಿಲ್ಲದೆ ಕಟ್ಟಲು ಕೊನೆಯ ದಿನ ಇಷ್ಟು, ದಂಡದೊಂದಿಗೆ ಇಷ್ಟು ಅಂತ ಬರೆದಿರುತ್ತಾರೆ. ಆ ತಾರೀಖು ಬರೆದವರಿಗೆ ತಿಂಗಳ ಒಂದನೇ ತಾರೀಖು ಸಂಬಳ ಬರುತ್ತೆ. ನಮ್ಮ ಅಪ್ಪ ಅವ್ವನಿಗೆ ಒಂದನೇ ತಾರೀಖು ಅಂತ ಒಂದಿಲ್ಲ.

2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಶುಲ್ಕ, ಪುಸ್ತಕ, ಪರೀಕ್ಷೆಯ ಹಣ ಎಲ್ಲ ಸೇರಿ ಹತ್ತು ಸಾವಿರ ಅಂತಲೇ ಇಟ್ಟುಕೊಳ್ಳಿ. ಅದು 27 ದಿನದ ಕೂಲಿ. ಉಪ್ಪು, ಎಣ್ಣೆ, ಔಷಧಿ ಯಾವುದಕ್ಕೂ ಒಂದು ಪೈಸೆ ಮುಟ್ಟದೆ ಒಬ್ಬ ಮನುಷ್ಯ 27 ದಿನ ದುಡಿದರೆ ಒಬ್ಬ ಮಗನ ಒಂದು ವರ್ಷದ ಬಾಗಿಲು ತೆರೆಯುತ್ತೆ. ಆ 27 ದಿನ ಕೆಲಸ ಸಿಗಬೇಕು, ಸಿಕ್ಕ ಕೆಲಸದ ದುಡ್ಡು ಅಡ್ಮಿಷನ್ ಮುಗಿಯುವುದರೊಳಗೆ ಕೈಗೆ ಬರಬೇಕು. ಯಾವ ಊರಿನಲ್ಲಿ ಬರುತ್ತೆ ಹೇಳಿ?

ಬರದಿದ್ದಾಗ ಏನು ಮಾಡುತ್ತಾರೆ? ಸಂಘದ ಸಾಲ ಎತ್ತುತ್ತಾರೆ. ಓಲೆ ಗಿರವಿ ಇಡುತ್ತಾರೆ. ಅದೂ ಮುಗಿದ ಮೇಲೆ ಜಮೀನುದಾರನ ಮುಂದೆ ನಿಂತು ಬರುವ ಸುಗ್ಗಿಯ ಕೂಲಿಯನ್ನು ಈಗಲೇ ಮುಂಗಡ ಕೇಳುತ್ತಾರೆ. ಮುಂಗಡ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೀತ ಪದ್ಧತಿಯನ್ನು ರದ್ದು ಮಾಡುವ ಕಾನೂನು 1976ರಲ್ಲಿ ಬಂತು. ಮಗನನ್ನು ಜೀತದಿಂದ ಬಿಡಿಸಲು ಓದಿಸಬೇಕು ಅಂತ ಹೊರಟ ಅಪ್ಪ, ಮಗನ ಶುಲ್ಕಕ್ಕಾಗಿ ತನ್ನ ಮೈಯನ್ನು ಮತ್ತೆ ಬರೆದುಕೊಡುತ್ತಾನೆ. ಇನ್ನು ಮನೆಯಲ್ಲಿ ಇಬ್ಬರು ಓದುವವರಿದ್ದು, ಒಬ್ಬರಿಗೆ ಮಾತ್ರ ದುಡ್ಡು ಹೊಂದಿತು ಅಂದರೆ ನಿಲ್ಲುವುದು ಯಾರು? ಹುಡುಗಿ. ‘ಮೊದಲು ಕಟ್ಟಿ’ ಅನ್ನುವ ಮಾತಿಗೆ ಮೊದಲು ಬಲಿಯಾಗುವವಳು ಅವಳೇ. ಶಕ್ತಿ ಯೋಜನೆ ಬಂದು 2023ರ ಜೂನ್‌ನಿಂದ ಅವಳಿಗೆ ಬಸ್ಸಿನ ದುಡ್ಡು ಉಳಿಯಿತು. ಒಳ್ಳೆಯದೇ. ಆದರೆ ಬಸ್ಸು ಕಾಲೇಜಿನ ಗೇಟಿನವರೆಗೆ ಬಿಡುತ್ತೆ, ಕೌಂಟರ್ ದಾಟಿಸುವುದಿಲ್ಲ.

ಈಗ ಕಾಗದದಲ್ಲಿ ಏನಿದೆ ನೋಡೋಣ. ವಿದ್ಯಾರ್ಥಿ ವೇತನ ಯಾವ ಪುಢಾರಿಯ ಧರ್ಮದ ದುಡ್ಡೂ ಅಲ್ಲ. ಬಾಬಾಸಾಹೇಬರು 1942ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಗೆ ಸದಸ್ಯರಾಗಿ ಹೋದ ಕೂಡಲೇ ಪರಿಶಿಷ್ಟ ಜಾತಿಗಳ ಅಹವಾಲುಗಳನ್ನು ಬರೆದು ಮುಂದಿಟ್ಟರು. ಉನ್ನತ ಓದಿಗೆ ಸರ್ಕಾರ ಹಣ ಕೊಡಲೇಬೇಕು ಅನ್ನುವುದು ಅದರಲ್ಲಿ ಒಂದು. ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ 1944ರಲ್ಲಿ ಶುರುವಾಯಿತು. ಅಂದರೆ ಸಂವಿಧಾನಕ್ಕಿಂತ ಹಳೆಯದು ಇದು. ಇವತ್ತು ನಮ್ಮ ಹಾಸ್ಟೆಲಿನ ಹುಡುಗ ತನ್ನ ಖಾತೆಯಲ್ಲಿ ಕಾಣುವ ಪ್ರತಿ ರೂಪಾಯಿಯ ಹಿಂದೆ ಆ ಮನವಿ ಪತ್ರ ಇದೆ.

ಬಾಬಾಸಾಹೇಬರಿಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ. ಅವರು ಬಿ.ಎ. ಓದಿದ್ದು ಬರೋಡದ ಮಹಾರಾಜರು ಕೊಟ್ಟ ವೇತನದಲ್ಲಿ. 1913ರಲ್ಲಿ ಅಮೆರಿಕಕ್ಕೆ ಹೋದದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದಲ್ಲಿ. ಲಂಡನ್ನಿನಲ್ಲಿ ಓದುತ್ತಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಮತ್ತೆ ಲಂಡನ್ನಿಗೆ ಹೋಗಲು ಆದದ್ದು 1920ರಲ್ಲಿ, ತಾವು ಕೂಡಿಟ್ಟ ಹಣ ಮತ್ತು ಶಾಹು ಮಹಾರಾಜರಂಥವರ ನೆರವಿನಿಂದ. ವೇತನ ಸರಿಯಾದ ಹೊತ್ತಿಗೆ ಬರದಿದ್ದರೆ ಎಂಥ ತಲೆಯೂ ದಾರಿಯಲ್ಲಿ ನಿಂತುಬಿಡುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಯೋಜನೆಯ ನಿಯಮ ಏನು ಹೇಳುತ್ತೆ? ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದೊಳಗಿರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಯ ಶುಲ್ಕವನ್ನೂ, ಓದಿನ ಭತ್ಯೆಯನ್ನೂ ಸರ್ಕಾರ ಕೊಡಬೇಕು. 2021ರಲ್ಲಿ ಹೊಸದಾಗಿ ಬಂದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಅಂತ ಒಂದು ವ್ಯವಸ್ಥೆ ಇದೆ. ಅರ್ಹನಾದ ವಿದ್ಯಾರ್ಥಿ ಬೋಧನಾ ಶುಲ್ಕವನ್ನೂ ಹಾಸ್ಟೆಲ್ ಶುಲ್ಕವನ್ನೂ ಮುಂಚೆಯೇ ಕಟ್ಟದೆ ಸೇರಿಕೊಳ್ಳಬಹುದು, ಹಣ ಖಾತೆಗೆ ಬಂದ ಮೇಲೆ ಸಂಸ್ಥೆಗೆ ಕಟ್ಟಬೇಕು ಅನ್ನುವುದು ಅದರ ಸಾರ. ಓದಿ ಗೆಳೆಯರೇ, ಇನ್ನೊಂದು ಸಲ ಓದಿ. ಕೌಂಟರಿನಲ್ಲಿ ಹೇಳುವುದು ‘ಮೊದಲು ಕಟ್ಟಿ, ಆಮೇಲೆ ಬರುತ್ತೆ’. ನಿಯಮದ ದಾರಿ ಅದರ ತಿರುವುಮುರುವು: ಮೊದಲು ಬರಲಿ, ಆಮೇಲೆ ಕಟ್ಟು. ಈ ಕಾರ್ಡಿನ ಹೆಸರನ್ನೇ ಕೇಳದವರು ನಮ್ಮಲ್ಲಿ ಎಷ್ಟು ಜನ! ಬೋರ್ಡಿನಲ್ಲಿ ಶುಲ್ಕದ ಪಟ್ಟಿ ಅಂಟಿಸುವವರು ಅದರ ಪಕ್ಕದಲ್ಲಿ ಇದನ್ನೂ ಯಾಕೆ ಅಂಟಿಸಬಾರದು?

ಹಣ ತಡವಾಗುವುದಕ್ಕೂ ಕಾರಣ ತಿಳಿದುಕೊಳ್ಳಬೇಕು. ಬಹಳ ಕಾಲ ಈ ಯೋಜನೆಯಲ್ಲಿ ‘ಬದ್ಧ ಹೊಣೆಗಾರಿಕೆ’ ಅನ್ನುವ ಲೆಕ್ಕ ಇತ್ತು. ಆ ಲೆಕ್ಕದಲ್ಲಿ ಖರ್ಚಿನ ಬಹುಪಾಲು ರಾಜ್ಯಗಳ ತಲೆಗೆ ಬೀಳುತ್ತಿತ್ತು. ರಾಜ್ಯ ಕೇಂದ್ರದ ಕಡೆ ಕೈ ತೋರಿಸುವುದು, ಕೇಂದ್ರ ರಾಜ್ಯದ ಕಡೆ ಕೈ ತೋರಿಸುವುದು. ನಡುವೆ ನಿಂತವನು ವಿದ್ಯಾರ್ಥಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಇದನ್ನು ಬದಲಾಯಿಸಿ, ಐದು ವರ್ಷಕ್ಕೆ 59,048 ಕೋಟಿ ರೂಪಾಯಿ ಅಂತ ಒಪ್ಪಿತು. ಅದರಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಹತ್ತನೇ ತರಗತಿಯಿಂದಾಚೆ ಓದಲಾಗದೆ ನಿಂತ ಕಡುಬಡ ಮಕ್ಕಳು 1.36 ಕೋಟಿ ಇರಬಹುದು ಅಂತ ಅಂದು ಸರ್ಕಾರವೇ ಹೇಳಿತು. ಇಷ್ಟು ಮಕ್ಕಳನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ ಸ್ವಾಮಿ? ದಡ್ಡರ ಲೆಕ್ಕಕ್ಕೋ?

ಹೊಸ ಪದ್ಧತಿಯಲ್ಲಿ ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರಬೇಕು. ನೇರ ಖಾತೆಗೆ ಅನ್ನುವುದು ಕೇಳಲು ಚೆಂದ. ಆದರೆ ಎರಡು ಸರ್ಕಾರದ ಎರಡು ಕಂತು, ಎಸ್‌ಎಸ್‌ಪಿ ಪೋರ್ಟಲ್ಲು, ಆಧಾರ್ ಜೋಡಣೆ, ಜಾತಿ ಪತ್ರ, ಆದಾಯ ಪತ್ರ, ಕಾಲೇಜಿನ ದೃಢೀಕರಣ. ಒಂದು ಕಡೆ ಅಪ್ಪನ ಹೆಸರಿನ ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ ಸಾಕು, ಹಣ ದಾರಿಯಲ್ಲೇ ನಿಂತಿತು. ಕಾಡಂಚಿನ ಹಾಡಿಯ ಹುಡುಗಿ ಎನ್‌ಪಿಸಿಐ ಆಗಿಲ್ಲ ಅನ್ನುವ ಒಂದು ಮಾತಿಗಾಗಿ ಬ್ಯಾಂಕಿಗೂ ನಾಡಕಚೇರಿಗೂ ಸೈಬರ್ ಅಂಗಡಿಗೂ ಎಷ್ಟು ಸಲ ಅಲೆಯಬೇಕು? ಆ ಒಂದೊಂದು ದಿನವೂ ಅವ್ವನ ಜೊತೆ ಹೋಗಬೇಕಾದ ಒಂದು ದಿನದ ಕೂಲಿ. ತಪ್ಪು ಕಂಪ್ಯೂಟರಿನದು, ದಂಡ ನಮ್ಮದು!

ಇಷ್ಟಾದರೂ ಕ್ಲಾಸಿನಲ್ಲಿ ಪಕ್ಕ ಕೂತವನು ಏನಂತಾನೆ? ‘ನಿಮಗೇನಪ್ಪ, ಎಲ್ಲ ಫ್ರೀ.’ ಈ ಮಾತಿಗೆ ನಮ್ಮವರು ತಲೆ ತಗ್ಗಿಸುವುದುಂಟು. ತಗ್ಗಿಸಬೇಕಾಗಿಲ್ಲ. ಉತ್ತರ ಕೊಡಲು ಕಲಿಯಬೇಕು.

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಯಾರ ದುಡ್ಡಿನಲ್ಲಿ? ಸಂಸ್ಥಾನದ ಬೊಕ್ಕಸದ ದುಡ್ಡಿನಲ್ಲಿ. ಬೊಕ್ಕಸ ತುಂಬಿದ್ದು ಯಾರು? ಉತ್ತವರು, ಬಿತ್ತವರು, ಕೆರೆಯ ಹೂಳೆತ್ತಿದವರು, ಕಾಲುವೆ ತೋಡಿದವರು. ಅವರ ಮಕ್ಕಳು ಅಲ್ಲಿಗೆ ಕಾಲಿಡಲು ಎಷ್ಟು ತಲೆಮಾರು ಹಿಡಿಯಿತು? ಇದೇ ಮಾತನ್ನು ಜ್ಯೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಇಟ್ಟಿದ್ದರು. ಕಂದಾಯ ಕೊಡುವವರು ರೈತ ಕೂಲಿಗಳು, ಆ ಹಣದಲ್ಲಿ ಓದುವವರು ಮೇಲಿನವರ ಮಕ್ಕಳು ಅನ್ನುವುದು ಅವರ ಆಕ್ಷೇಪ. ಈ ತಾಲ್ಲೂಕಿನದೇ ಉದಾಹರಣೆ ಬೇಕಾದರೆ ಕಬಿನಿ ನೋಡಿ. 1974ರಲ್ಲಿ ಅಣೆಕಟ್ಟು ಮುಗಿಯಿತು. ಊರುಗಳು ಮುಳುಗಿದವು, ಮನೆ ಕಳೆದುಕೊಂಡವರು ಇಲ್ಲಿಯವರು, ನೀರು ಹರಿದದ್ದು ಕೆಳಗಿನ ಗದ್ದೆಗಳಿಗೆ. ಮುಳುಗಿದವರ ಮೊಮ್ಮಗ ಇವತ್ತು ಮಾನಸಗಂಗೋತ್ರಿಯಲ್ಲಿ ಒಂದು ಸೀಟು ಕೇಳಿದರೆ ಅದು ಪುಕ್ಕಟೆಯೇ? ಬೆಲೆ ಕಟ್ಟಿಯಾಗಿದೆ ಕಣ್ರಪ್ಪ. ರಸೀದಿ ಕೊಡುವುದೊಂದು ಬಾಕಿ ಇದೆ.

ಶುಲ್ಕ ಏರಿಸುವವರು ಇನ್ನೊಂದು ಮಾತು ಹೇಳುತ್ತಾರೆ. ವಿಶ್ವವಿದ್ಯಾನಿಲಯ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಂತೆ. ಈ ಮಾತು ಹೊಸದಲ್ಲ. ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ಆರ್ಟ್ಸ್ ಕಾಲೇಜುಗಳ ಖರ್ಚಿನಲ್ಲಿ ನೂರಕ್ಕೆ 36ರಷ್ಟು, ಹೈಸ್ಕೂಲುಗಳಲ್ಲಿ 31ರಷ್ಟು, ಮಿಡಲ್ ಸ್ಕೂಲುಗಳಲ್ಲಿ 26ರಷ್ಟು ಹಣವನ್ನು ಶುಲ್ಕದಿಂದಲೇ ಎಳೆಯುತ್ತಿದ್ದೀರಿ, ಇದು ವಿದ್ಯೆಯನ್ನು ವ್ಯಾಪಾರ ಮಾಡುವುದು ಅಂತ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಕೆಳಗಿನ ಜನ ಈಗಷ್ಟೇ ಹೈಸ್ಕೂಲು ಕಾಲೇಜಿನ ಕಡೆ ಬರುತ್ತಿರುವಾಗ ಓದನ್ನು ಅವರಿಗೆ ಎಷ್ಟು ಅಗ್ಗ ಮಾಡಲು ಸಾಧ್ಯವೋ ಅಷ್ಟು ಅಗ್ಗ ಮಾಡಬೇಕು ಅನ್ನುವುದು ಅವರ ವಾದ. ನೂರು ವರ್ಷ ಆಗುತ್ತಾ ಬಂತು. ಸೆಲ್ಫ್ ಫೈನಾನ್ಸ್ ಸೀಟು ಅಂತ ಹೊಸ ಹೆಸರಿಟ್ಟುಕೊಂಡು ಅದೇ ವ್ಯಾಪಾರ ಸರ್ಕಾರಿ ವಿಶ್ವವಿದ್ಯಾನಿಲಯದ ಒಳಗೇ ಅಂಗಡಿ ಹಾಕಿದೆ.

ನಮ್ಮ ರಾಜ್ಯಕ್ಕೆ ಈ ವ್ಯಾಪಾರದಲ್ಲಿ ದೊಡ್ಡ ಹೆಸರೇ ಇತ್ತು. ಕ್ಯಾಪಿಟೇಶನ್ ಅನ್ನುವ ಪದ ಹಳ್ಳಿಯ ಬಾಯಿಗೂ ಬಂದ ನಾಡು ಇದು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾನೂನು ಮಾಡಿದರು. ಆಮೇಲೆ 1989ರಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ದರ ಕಟ್ಟಿಕೊಟ್ಟಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಉಳಿದವರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ. ತುಮಕೂರಿನ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಇಷ್ಟು ಹಣ ಹೊಂದಿಸಲಾರದ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈನಲ್ಲಿ ತೀರ್ಪು ಬಂತು. ಓದುವ ಹಕ್ಕು ಬದುಕುವ ಹಕ್ಕಿನಿಂದಲೇ ಹುಟ್ಟಿದ್ದು, ದುಡ್ಡಿಗೆ ಸೀಟು ಮಾರುವುದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು ಹೇಳಿತು.

ನಾವು ಹಿಗ್ಗುವಷ್ಟರಲ್ಲಿ 1993 ಬಂತು. ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ಕೋರ್ಟು, ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ, ಅದರಾಚೆಯದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಅಂತ ಗೆರೆ ಎಳೆಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಅನುದಾನವಿಲ್ಲದ ಖಾಸಗಿ ಕಾಲೇಜುಗಳಿಗೆ ಶುಲ್ಕ ಗೊತ್ತು ಮಾಡಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು. ಲಾಭಕೋರತನ ಕೂಡದು, ಕ್ಯಾಪಿಟೇಶನ್ ಕೂಡದು ಅಂತ ಒಂದು ಮಾತು ಸೇರಿಸಿದರು. ಎರಡೂ ಪ್ರಕರಣ ಓದಿದರೆ ನಮಗೆ ತಿಳಿಯುವುದು ಇಷ್ಟು. ಕೋರ್ಟು ಕೊಟ್ಟದ್ದನ್ನು ಕೋರ್ಟೇ ಕಮ್ಮಿ ಮಾಡಬಲ್ಲದು. 14 ವರ್ಷ ತುಂಬಿದ ದಿನ ನಮ್ಮ ಹುಡುಗ ಎಂಟನೆಯದೋ ಒಂಬತ್ತನೆಯದೋ ಓದುತ್ತಿರುತ್ತಾನೆ. ಅಲ್ಲಿಂದ ಮುಂದಕ್ಕೆ ಸರ್ಕಾರದ ಶಕ್ತಿ ಎಷ್ಟು ಅನ್ನುವುದೇ ಪ್ರಶ್ನೆ.

ಹಾಗಾದರೆ ಶಕ್ತಿ ಇಲ್ಲವೇ? ದುಡ್ಡಿಲ್ಲವೇ? ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ತೆಗೆದಿಡಬೇಕು ಅಂತ ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ದೇಶದಲ್ಲಿ ಇಂಥ ಕಾಯ್ದೆ ಇರುವ ರಾಜ್ಯಗಳೇ ಕಡಿಮೆ. ಅದರ 7(ಡಿ) ಕಲಮು ಹಣವನ್ನು ಬೇರೆ ಕಡೆಗೆ ತಿರುಗಿಸಲು ಕಿಂಡಿಯಾಗಿತ್ತು. ಹೋರಾಟದ ಮೇಲೆ ಹೋರಾಟ ಆಗಿ 2023ರಲ್ಲಿ ಅದು ಹೋಯಿತು. ಆದರೂ 2024-25ರಲ್ಲಿ ಈ ನಿಧಿಯ 39,121 ಕೋಟಿಯಲ್ಲಿ 14,282 ಕೋಟಿ ರೂಪಾಯಿಯನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತೋರಿಸಿದರು. ಗ್ಯಾರಂಟಿಗಳು ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಅವ್ವಂದಿರ ಕೈಗೂ ಆ ಹಣ ಬರುತ್ತೆ. ಆದರೆ ನಾಡಿನ ಎಲ್ಲರಿಗೂ ಕೊಡುವುದನ್ನು ನಮಗೂ ಕೊಟ್ಟು, ಅದನ್ನು ನಮ್ಮ ಓದಿಗೆ ಇಟ್ಟ ಗಂಟಿನಿಂದ ಕಳೆಯುವುದು ಯಾವ ನ್ಯಾಯ? ಆ ಗಂಟು ಗಂಟಾಗಿಯೇ ಇದ್ದರೆ, ಯಾವ ಹುಡುಗಿಯೂ ಯಾವ ಕೌಂಟರಿನಲ್ಲೂ ಮೊದಲು ಕಟ್ಟಬೇಕಾಗಿಲ್ಲ.

ಗೆಳೆಯರೇ, ಹಕ್ಕು ಯಾರೂ ಕೊಡುವುದಲ್ಲ, ಒಟ್ಟಾಗಿ ನಿಂತು ಪಡೆಯುವುದು. ಇದು ಬರೀ ಭಾಷಣದ ಮಾತಲ್ಲ. ದಕ್ಷಿಣ ಆಫ್ರಿಕಾದಲ್ಲಿ 2015ರ ಅಕ್ಟೋಬರಿನಲ್ಲಿ ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾನಿಲಯ ಶುಲ್ಕವನ್ನು ನೂರಕ್ಕೆ ಹತ್ತೂವರೆಯಷ್ಟು ಏರಿಸಲು ಹೊರಟಿತು. ಕರಿಯ ಬಡವರ ಮಕ್ಕಳು ಗೇಟು ಮುಚ್ಚಿ ಕೂತರು. ಬೆಂಕಿ ಒಂದು ಕ್ಯಾಂಪಸ್ಸಿನಿಂದ ಇನ್ನೊಂದಕ್ಕೆ ಹಬ್ಬಿತು. ಕೆಲವೇ ದಿನದಲ್ಲಿ, ಅಕ್ಟೋಬರ್ 23ರಂದು, ಸಾವಿರಾರು ವಿದ್ಯಾರ್ಥಿಗಳು ಸರ್ಕಾರದ ಕಟ್ಟಡದ ಮುಂದೆ ನಿಂತಿದ್ದಾಗ ಅಧ್ಯಕ್ಷ ಜುಮಾ ಮುಂದಿನ ವರ್ಷಕ್ಕೆ ಏರಿಕೆ ಇಲ್ಲ ಅಂತ ಹೇಳಲೇಬೇಕಾಯಿತು. 2017ರ ಡಿಸೆಂಬರಿನಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಉನ್ನತ ಶಿಕ್ಷಣ ಉಚಿತ ಅನ್ನುವ ಘೋಷಣೆಯೂ ಬಂತು.

ದಿಲ್ಲಿಯ ಜೆಎನ್‌ಯುನಲ್ಲಿ 2019ರಲ್ಲಿ ಹಾಸ್ಟೆಲ್ ಕೋಣೆಯ ತಿಂಗಳ ಬಾಡಿಗೆಯನ್ನು 10 ರೂಪಾಯಿಯಿಂದ 300ಕ್ಕೆ, 20ರಿಂದ 600ಕ್ಕೆ ಏರಿಸಿ, ಮೇಲೆ 1,700 ರೂಪಾಯಿ ಸೇವಾ ಶುಲ್ಕ ಹೇರಲು ಹೋದರು. ಹತ್ತು ರೂಪಾಯಿಗೆ ಕೋಣೆ ಬೇಕಂತೆ ಅಂತ ಟಿ.ವಿ.ಯವರು ಆಡಿಕೊಂಡರು. ವಿದ್ಯಾರ್ಥಿಗಳು ಲಾಠಿ ತಿಂದರು, ಬಿಡಲಿಲ್ಲ. ಏರಿಕೆಯ ಒಂದು ಭಾಗವನ್ನು ಹಿಂದಕ್ಕೆ ತೆಗೆದುಕೊಂಡರು. 2020ರ ಜನವರಿಯಲ್ಲಿ ದಿಲ್ಲಿ ಹೈಕೋರ್ಟು ಹಳೆಯ ದರದಲ್ಲೇ ನೋಂದಣಿ ಮಾಡಿಕೊಳ್ಳಿ ಅಂತ ಹೇಳಿತು. ಪೂರಾ ಗೆಲುವಲ್ಲ. ಆದರೆ ಒಬ್ಬೊಬ್ಬರೇ ಕೌಂಟರಿನ ಮುಂದೆ ನಿಂತಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಒಂಟಿಯಾದರೆ ಏನಾಗುತ್ತೆ ಅನ್ನುವುದೂ ನಮಗೆ ಗೊತ್ತು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯದ ರೋಹಿತ್ ವೇಮುಲ 2016ರ ಜನವರಿ 17ರಂದು ಹೋದ. ಹಾಸ್ಟೆಲಿನಿಂದ ಹೊರಹಾಕಿದ್ದರು. ಏಳು ತಿಂಗಳ ಸಂಶೋಧನಾ ವೇತನ, ಒಂದು ಲಕ್ಷ ಎಪ್ಪತ್ತೈದು ಸಾವಿರ ರೂಪಾಯಿ, ಬರಬೇಕಾಗಿತ್ತು. ಸಾಯುವ ಮುಂಚೆ ಬರೆದ ಪತ್ರದಲ್ಲಿ ಆ ಬಾಕಿಯ ಮಾತೂ ಇತ್ತು, ಅದರಿಂದ ತೀರಿಸಬೇಕಾದ ಸಾಲದ ಮಾತೂ ಇತ್ತು. ಹಣ ತಡವಾಗುವುದು ಆಫೀಸಿನ ಸಣ್ಣ ವಿಷಯ ಅನ್ನುವವರು ಆ ಪತ್ರವನ್ನು ಓದಲಿ. ಈ ಪುಟ ಓದುತ್ತಿರುವ ಯಾವ ತಮ್ಮನೂ ತಂಗಿಯೂ ಶುಲ್ಕದ ಸಂಕಟವನ್ನು ಒಬ್ಬರೇ ಎದೆಯಲ್ಲಿಟ್ಟುಕೊಳ್ಳಬೇಡಿ. ಕೋಣೆಯ ಜೊತೆಗಾರನಿಗೆ ಹೇಳಿ. ನಮಗೆ ಹೇಳಿ. ಅದು ನಿಮ್ಮ ಮನೆಯ ಮರ್ಯಾದೆಯ ಪ್ರಶ್ನೆಯಲ್ಲ, ಸರ್ಕಾರದ ಬಾಕಿಯ ಪ್ರಶ್ನೆ.

ಒಟ್ಟಾಗಿ ಕೇಳೋಣ ಅಂದರೆ ನಮ್ಮ ಕಾಲೇಜುಗಳಲ್ಲಿ ಕೇಳುವ ಬಾಯೇ ಇಲ್ಲ. 1989-90ರಿಂದ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಯಿತು. ಗಲಾಟೆ ಆಗುತ್ತೆ ಅನ್ನುವುದು ಕಾರಣ. ಲಿಂಗ್ಡೊ ಸಮಿತಿಯ ಶಿಫಾರಸಿನಂತೆ ಚುನಾವಣೆ ನಡೆಸಿ ಅಂತ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು. 2025ರಲ್ಲಿ ಆಳುವ ಪಕ್ಷದವರೇ ಮತ್ತೆ ಚುನಾವಣೆಯ ಮಾತೆತ್ತಿದರು. 18 ವರ್ಷಕ್ಕೆ ಶಾಸಕನನ್ನು ಆರಿಸುವ ಬುದ್ಧಿ ಇದೆಯಂತೆ, ತನ್ನ ಕಾಲೇಜಿನ ಶುಲ್ಕ ಕೇಳುವ ಪ್ರತಿನಿಧಿಯನ್ನು ಆರಿಸುವ ಬುದ್ಧಿ ಇಲ್ಲವಂತೆ!

ಸಂಘ ಇಲ್ಲದಿದ್ದರೆ ಬೇಡ. ನಮಗೆ ಹಾಸ್ಟೆಲು ಇದೆ. ಹಾಸ್ಟೆಲು ಅಂದರೆ ಬರೀ ಮುದ್ದೆ ಸಾರಿನ ಮನೆ ಅಂದುಕೊಳ್ಳಬೇಡಿ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗೆ ನಾಡೇ ಹೊತ್ತಿಕೊಂಡಾಗ, ಏಟು ತಿಂದದ್ದೂ ಹಾಸ್ಟೆಲಿನ ಹುಡುಗರೇ, ಎದ್ದು ನಿಂತದ್ದೂ ಹಾಸ್ಟೆಲಿನ ಹುಡುಗರೇ. ಕರ್ನಾಟಕದ ದಲಿತ ಚಳವಳಿ ಬೆಳೆದದ್ದು ಆ ಕೋಣೆಗಳ ಚಾಪೆಯ ಮೇಲೆ. ಅಲ್ಲಿ ಓದಿ ಇವತ್ತು ನೌಕರಿಯಲ್ಲಿರುವ ಅಣ್ಣಂದಿರು ಅಕ್ಕಂದಿರು ಬಹಳ ಜನ ಇದ್ದಾರೆ. ಏಪ್ರಿಲ್ 14ಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಂಡರೆ ಬಾಬಾಸಾಹೇಬರ ಸಾಲ ತೀರುವುದಿಲ್ಲ. ಜೂನ್ ತಿಂಗಳಲ್ಲಿ ಒಂದು ದಿನ ತಾವು ಓದಿದ ಹಾಸ್ಟೆಲಿಗೆ ಬಂದು ಅರ್ಜಿ ತುಂಬಿಸಿಕೊಡಲಿ. ಅದು ದೊಡ್ಡ ಕೆಲಸ.

ಈಗ ಮಾಡಬೇಕಾದದ್ದು ಹೇಳುತ್ತೇವೆ. ಹರಿದು ಗೋಡೆಗೆ ಅಂಟಿಸಿಕೊಳ್ಳಿ.

ಒಂದು. ‘ಮೊದಲು ಕಟ್ಟಿ’ ಅಂದವರಿಗೆ ಬಾಯಲ್ಲಿ ವಾದ ಮಾಡಬೇಡಿ. ನಾನು ವಿದ್ಯಾರ್ಥಿ ವೇತನಕ್ಕೆ ಅರ್ಹ, ಹಣ ಬಂದ ಮೇಲೆ ಶುಲ್ಕ ಕಟ್ಟಲು ಅವಕಾಶ ಕೊಡಿ ಅಂತ ಬರೆದು ಕೊಡಿ. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಾಗದ ಇಲ್ಲದ ದೂರು ಗಾಳಿಗೆ ಹೇಳಿದ ಮಾತು.

ಎರಡು. ಶುಲ್ಕಕ್ಕೆ ಒತ್ತೆಯಾಗಿ ಮೂಲ ಅಂಕಪಟ್ಟಿ, ಟಿ.ಸಿ. ಇಟ್ಟುಕೊಳ್ಳುವಂತಿಲ್ಲ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮೂಲ ದಾಖಲೆಗಳನ್ನು ನೋಡಿ ಹಿಂದಕ್ಕೆ ಕೊಡಬೇಕು.

ಮೂರು. 2023ರ ಯುಜಿಸಿ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಅಹವಾಲು ಪರಿಹಾರ ಸಮಿತಿ ಇರಬೇಕು. ದೂರು ಕೊಟ್ಟ 15 ಕೆಲಸದ ದಿನದಲ್ಲಿ ಅದು ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಒಂಬುಡ್ಸ್‌ಪರ್ಸನ್ ಅಂತ ಒಬ್ಬರಿದ್ದಾರೆ, ಅವರು 30 ದಿನದಲ್ಲಿ ತೀರ್ಮಾನ ಮಾಡಬೇಕು. ನಿಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ನಾಳೆಯೇ ಕೇಳಿ. ಕೇಳಿದರೆ ಸಾಕು, ಅರ್ಧ ಕೆಲಸ ಆಗುತ್ತೆ.

ನಾಲ್ಕು. ಹಣ ಎಲ್ಲಿ ನಿಂತಿದೆ ಅಂತ ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಒಬ್ಬನ ಹೆಸರಿನ ಬದಲು ಇಡೀ ಕಾಲೇಜಿನ ಲೆಕ್ಕ ಕೇಳಿ: ಎಷ್ಟು ಅರ್ಜಿ, ಎಷ್ಟು ಮಂಜೂರು, ಎಷ್ಟು ಬಾಕಿ, ಯಾಕೆ ಬಾಕಿ.

ಐದು. ಪ್ರತಿ ಹಾಸ್ಟೆಲಿನಲ್ಲೂ ಐದು ಜನರ ಒಂದು ಶುಲ್ಕ ಸಮಿತಿ ಮಾಡಿಕೊಳ್ಳಿ. ಐವರಲ್ಲಿ ಒಬ್ಬ ಹಾಡಿಯಿಂದ ಬಂದವನಿರಲಿ. ಹುಡುಗಿಯರ ಹಾಸ್ಟೆಲಿನ ಸಮಿತಿಯೂ ಹುಡುಗರ ಹಾಸ್ಟೆಲಿನ ಸಮಿತಿಯೂ ಕೂಡಿಯೇ ಸಭೆ ಸೇರಲಿ. ಯಾರ ಹಣ ಬಂದಿಲ್ಲ ಅಂತ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಪಟ್ಟಿ ಹಿಡಿದು ಹತ್ತು ಜನ ಸಮಾಜ ಕಲ್ಯಾಣ ಇಲಾಖೆಗೆ ಹೋದರೆ ಕುರ್ಚಿ ಎದ್ದು ನಿಲ್ಲುತ್ತೆ.

ನಮ್ಮ ಬೇಡಿಕೆ ಉದ್ದ ಇಲ್ಲ. ಅರ್ಹ ವಿದ್ಯಾರ್ಥಿಯಿಂದ ಅಡ್ಮಿಷನ್ ದಿನ ಒಂದು ರೂಪಾಯಿಯನ್ನೂ ಕೇಳಬಾರದು. ಸರ್ಕಾರದ ಹಣ ತಡವಾದರೆ ಸಂಸ್ಥೆ ಸರ್ಕಾರವನ್ನು ಕೇಳಲಿ, ದಂಡವನ್ನೂ ಸರ್ಕಾರಕ್ಕೇ ಹಾಕಲಿ. ಎರಡೂವರೆ ಲಕ್ಷದ ಆದಾಯದ ಮಿತಿಯನ್ನು ಬೆಲೆ ಏರಿದ ಹಾಗೆ ಏರಿಸಬೇಕು. ಪರಿಶಿಷ್ಟರ ನಿಧಿ ಮೊದಲು ಹಾಸ್ಟೆಲಿಗೆ, ಓದಿಗೆ ಹೋಗಬೇಕು. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಆಗಬೇಕು.

ಹ್ಯಾಂಡ್‌ಪೋಸ್ಟ್ ಅಂದರೆ ಕೂಡುರಸ್ತೆಯಲ್ಲಿ ದಾರಿ ತೋರಿಸುವ ಕಂಬ. ಮೈಸೂರಿಗೆ ಈ ಕಡೆ ಅಂತ ಕೈ ತೋರಿಸುವುದು ಅದರ ಕೆಲಸ. ಈ ದೇಶದ ಸಂವಿಧಾನವೂ ನಮಗೆ ಹಾಗೇ ಕೈ ತೋರಿಸಿದೆ. ಕಂಬ ನಡೆಯುವುದಿಲ್ಲ ಗೆಳೆಯರೇ, ನಡೆಯಬೇಕಾದವರು ನಾವು. ಈ ಸಲ ಜೂನ್ ಬಂದಾಗ ಸಾಲಿನಿಂದ ಯಾರೂ ಅರ್ಜಿ ಮಡಿಸಿಕೊಂಡು ಹೊರಗೆ ಬರಬೇಡಿ. ಅಲ್ಲೇ ನಿಂತು ಪಕ್ಕದವನನ್ನು ಕರೆಯಿರಿ. ಅವನು ಇನ್ನೊಬ್ಬನನ್ನು ಕರೆಯಲಿ. ಸಾಲು ಉದ್ದವಾಗಲಿ. ‘ಮೊದಲು ನಮ್ಮ ಬಾಕಿ ಕೊಡಿ, ಆಮೇಲೆ ಕಟ್ಟುತ್ತೇವೆ’ ಅಂತ ಇಡೀ ಸಾಲು ಹೇಳಲಿ.

ಜೈ ಭೀಮ್.